ಆರು ವಾಟಿನ ಪೆಟ್ಟಿಗೆ

"ಪಪ್ಪಾ, ಬಾಗಿಲು ತೆಗಿ! ಕೈ ಜಾರ್ತಿದೆ!"

ಮರೈಕೆ ದೊಡ್ಡದೊಂದು ಕಂಪ್ಯೂಟರನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಬ್ರೆಮೆನ್ ನಗರದ ಅವರ ಬೀದಿಯಲ್ಲಿ ಜನ ಬೇಡವಾದ ಸಾಮಾನನ್ನು ಬಾಗಿಲ ಹೊರಗಿಟ್ಟು, 'ಬೇಕಾದವರು ಒಯ್ಯಿರಿ' ಎಂದು ಚೀಟಿ ಅಂಟಿಸುತ್ತಾರೆ. ಇದು ಅಲ್ಲೇ ಸಿಕ್ಕಿದ್ದು.

"ಸರ್ವರ್ ಸಿಕ್ತು! ಅದೂ ಫ್ರೀ!"

ಬೇಸಿಗೆಯಲ್ಲಿ ಅವಳ ಗೆಳತಿ ಯೆಟ್ಟೆ ಮನೆಯವರೊಂದಿಗೆ ದೂರದ ರೋಸ್ಟಾಕ್ ನಗರಕ್ಕೆ ಮನೆ ಬದಲಿಸಿ ಹೊರಟುಹೋಗಿದ್ದಳು. ಇಬ್ಬರೂ ಸೇರಿ ಕಂಪ್ಯೂಟರ್ ಆಟದಲ್ಲಿ ಒಂದು ಊರು ಕಟ್ಟಿದ್ದರು. ಅದರಲ್ಲಿ ದೀಪಸ್ತಂಭ, ಕುರಿದೊಡ್ಡಿ, ಸೊಟ್ಟ ಸೇತುವೆ ಎಲ್ಲ ಇದ್ದವು. ಆ ಊರನ್ನು ಇಟ್ಟುಕೊಂಡಿದ್ದ ವೆಬ್‌ಸೈಟು ಭಾನುವಾರ ಮುಚ್ಚಲಿತ್ತು. ಮನೆಯಲ್ಲಿ ಸದಾ ಆನ್ ಆಗಿರುವ ಕಂಪ್ಯೂಟರೊಂದಿದ್ದರೆ, ಅಂದರೆ ಸರ್ವರ್ ಇದ್ದರೆ, ಊರು ಉಳಿಯುತ್ತಿತ್ತು.

ಪಪ್ಪ ಕರೆಂಟು ಅಳೆಯುವ ಪುಟ್ಟ ಮೀಟರನ್ನು ಸಾಕೆಟ್ಟಿಗೆ ಸಿಕ್ಕಿಸಿ, ಅದಕ್ಕೆ ಕಂಪ್ಯೂಟರಿನ ಪ್ಲಗ್ ಹಾಕಿದ. ಫ್ಯಾನು ಹೇರ್‌ಡ್ರೈಯರಿನಂತೆ ಗುಂಯ್‌ಗುಟ್ಟಿತು.

"ಅರವತ್ತೆಂಟು ವಾಟ್."

"ಜೋರಾಗಿ ಕೆಲ್ಸ ಮಾಡ್ತಿದೆ ಅಲ್ವಾ?"

"ಎಲ್ಲಿ ಕೆಲ್ಸ? ಸುಮ್ನೆ ಕೂತಿದೆ. ಕೂತಲ್ಲೇ ಇಷ್ಟು ತಿಂದ್ರೆ, ನಮ್ಮನೆ ಫ್ರಿಜ್‌ನಂಥ ಮೂರನ್ನ ಸಾಕಿದ ಹಾಗೆ."

"ಆಡೋವಾಗ ಮಾತ್ರ ಆನ್ ಮಾಡ್ತೀನಿ."

"ನೀನು ಈಜೋಕೆ ಹೋದಾಗ ಯೆಟ್ಟೆ ಆಟಕ್ಕೆ ಬಂದ್ರೆ?"

ಮರೈಕೆಗೆ ಸಿಟ್ಟು ಬಂತು. "ಫ್ರೀ ಸಿಕ್ಕಿದ್ದನ್ನೂ ಬೇಡ ಅನ್ನೋ ಪಪ್ಪ ನೀನೊಬ್ಬನೇ!"

"ವಾಪಸ್ ಇಳಿಸೋದೂ ಫ್ರೀನೇ. ಬಾ, ಒಂದು ಕಡೆ ನಾನು ಹಿಡೀತೀನಿ."

ಶನಿವಾರ ಪಪ್ಪ ಹಳೆ ಸಾಮಾನಿನ ಅಂಗಡಿಯಿಂದ ಕಪ್ಪು ಪೆಟ್ಟಿಗೆಯೊಂದನ್ನು ತಂದ. ದಪ್ಪ ಪುಸ್ತಕದಷ್ಟೇ ಇತ್ತು.

"ಇದಾ? ಬೆಣ್ಣೆ ಡಬ್ಬಿ ಥರ ಇದೆ!"

"ಇದೂ ಕಂಪ್ಯೂಟರೇ. ಯಾವುದೋ ಆಫೀಸಿನ ಕೌಂಟರ್ ಮೇಲಿತ್ತಂತೆ. ಹಳೇದು, ಅದಕ್ಕೇ ಅಗ್ಗ. ಸ್ವಲ್ಪ ಮೆಮೊರಿ ಜಾಸ್ತಿ ಹಾಕಿದ್ರೆ ನಿಮ್ಮೂರಿಗೆ ಸಾಕು."

ಮೀಟರು ಆರು ತೋರಿಸಿತು. ಮರೈಕೆ ಕಿವಿಯಿಟ್ಟು ಕೇಳಿದಳು.

"ಕೆಟ್ಟೋಗಿದೆ. ಸದ್ದೇ ಇಲ್ಲ."

"ಫ್ಯಾನೇ ಇಲ್ಲ, ಸದ್ದು ಎಲ್ಲಿಂದ ಬರ್ಬೇಕು? ಮುಟ್ಟಿ ನೋಡು."

ಪೆಟ್ಟಿಗೆ ಬೆಕ್ಕಿನ ಬೆನ್ನಿನಂತೆ ಬೆಚ್ಚಗಿತ್ತು.

ರಾತ್ರಿಯೂಟದ ಹೊತ್ತಿಗೆ ಊರು ಪೆಟ್ಟಿಗೆಗೆ ಬಂತು. ಮರೈಕೆ ಹೊಸ ವಿಳಾಸವನ್ನು ಯೆಟ್ಟೆಗೆ ಕಳಿಸಿದಳು. ಉತ್ತರ ಬರಲಿಲ್ಲ. ಭಾನುವಾರವೂ ಇಲ್ಲ. ಸೋಮವಾರವೂ ಇಲ್ಲ. ಅಲ್ಲಿ ಹೊಸ ಗೆಳತಿಯರು ಸಿಕ್ಕಿರಬೇಕು. ಸೊಟ್ಟ ಸೇತುವೆ ಯಾರಿಗೆ ಬೇಕು?

ಮಂಗಳವಾರ ಸಂಜೆ ಅವಳು ಶೂ ಬಿಚ್ಚುತ್ತ ಪೆಟ್ಟಿಗೆಯ ಪಕ್ಕ ಕುಳಿತಿದ್ದಳು. ಮೀಟರಿನಲ್ಲಿ ಆರು. ಮತ್ತೆ ಆರು. ಆಮೇಲೆ ಹನ್ನೊಂದು.

"ಪಪ್ಪಾ, ನೀನೇನಾದ್ರೂ ಮುಟ್ಟಿದ್ಯಾ?"

"ಇಲ್ವಲ್ಲ, ಆಲೂಗಡ್ಡೆ ಸುಲೀತಿದೀನಿ," ಎಂದ ಅಡುಗೆಮನೆಯಿಂದ.

ಅಂಕಿ ಹನ್ನೆರಡಾಯಿತು. ಹಾಗಾದರೆ ಪೆಟ್ಟಿಗೆ ಸುಮ್ಮನೆ ಕೂತಿಲ್ಲ, ಒಳಗಿನ ಊರಲ್ಲಿ ಯಾರೋ ನಡೆದಾಡುತ್ತಿದ್ದಾರೆ. ಆ ಊರಿನ ವಿಳಾಸ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು.

ಮರೈಕೆ ಒಂದು ಕಾಲಿನ ಶೂ ಬಿಚ್ಚದೆಯೇ ಎದ್ದು, ಆಟಕ್ಕೆ ಸೇರಲು ತನ್ನ ಕೋಣೆಗೆ ನಡೆದಳು. ಹೋಗುವಾಗ ಪೆಟ್ಟಿಗೆಯ ಬೆನ್ನನ್ನು ಮೆಲ್ಲಗೆ ಸವರಿದಳು.