ಕಣ್ಣು ರಸ್ತೆಯ ಮೇಲಿರಲಿ

ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಬಳ್ಳಿಯನ್ನು ಬೇರುಸಮೇತ ಕಿತ್ತು ಬಿಸಾಡಿ ಎಂದವನನ್ನು ಯಾವ ಹುಡುಗಿ ತಾನೇ ಮೆಚ್ಚಿಯಾಳು? ಅದೂ ತುಂಬಿದ ಮೀಟಿಂಗಿನಲ್ಲಿ, ಅಷ್ಟು ಮೆಲ್ಲಗೆ, ಅಷ್ಟು ವಿನಯದಿಂದ ಹೇಳಿದವನನ್ನು! ಅವನು ದನಿ ಏರಿಸಿದ್ದರೆ ಇವಳು ಜಗಳವನ್ನಾದರೂ ಆಡಬಹುದಿತ್ತು.

ಬಳ್ಳಿ ಎಂದರೆ ಮಣ್ಣಿನಲ್ಲಿ ಬೆಳೆದ ಬಳ್ಳಿಯಲ್ಲ. ಅವಳು ಕಾರು ಕಂಪನಿಯೊಂದರಲ್ಲಿ ಡ್ಯಾಶ್‌ಬೋರ್ಡ್ ಡಿಸೈನರ್. ಸ್ಟೀರಿಂಗಿನ ಹಿಂದಿನ ಪರದೆಯಲ್ಲಿ ಓಡಿಸುವವರಿಗೆ ಏನು ಕಾಣಬೇಕು, ಹೇಗೆ ಕಾಣಬೇಕು ಎಂದು ತಲೆ ಕೆಡಿಸಿಕೊಳ್ಳುವುದೇ ಅವಳ ಕೆಲಸ. ಕಂಪನಿಯ ಹೊಸ ಹೈಬ್ರಿಡ್ ಕಾರಿಗೆ ಎರಡು ಹೊಟ್ಟೆ, ಒಂದು ಪೆಟ್ರೋಲಿನದು, ಇನ್ನೊಂದು ಬ್ಯಾಟರಿಯದು. ಕಾರು ಯಾವಾಗ ಯಾವುದನ್ನು ಉಣ್ಣುತ್ತಿದೆ ಎಂದು ತೋರಿಸಲು ಉಳಿದವರೆಲ್ಲ ಬಾಣದ ಗುರುತು, ಅಂಕಿ, ಮುಳ್ಳು ಎಂದು ಯೋಚಿಸಿದರೆ ಇವಳು ಒಂದು ಹಸಿರು ಬಳ್ಳಿಯನ್ನೇ ಹಬ್ಬಿಸಿದ್ದಳು. ಬ್ಯಾಟರಿಯಲ್ಲಿ ಓಡಿದರೆ ಎಲೆ ಚಿಗುರುತ್ತದೆ. ಎಂಜಿನ್ ಹೊತ್ತಿಕೊಂಡರೆ ಎಲೆ ಬಾಡುತ್ತದೆ. ಬ್ರೇಕ್ ಹಾಕಿ ಬ್ಯಾಟರಿಗೆ ಒಂದಿಷ್ಟು ಶಕ್ತಿ ಮರಳಿದರೆ ಒಂದು ಹೂವು ಅರಳುತ್ತದೆ. ಆಫೀಸಿನವರು ಅವಳನ್ನೇ ‘ಬಳ್ಳಿ’ ಎಂದು ಕರೆಯುತ್ತಿದ್ದರು.

ಅವನು ಸುರಕ್ಷತಾ ಪರೀಕ್ಷೆಯ ಎಂಜಿನಿಯರ್. ಅಡ್ಡಹೆಸರು ‘ಎರಡು ಸೆಕೆಂಡ್’. ಓಡಿಸುವವರ ಮೂಗಿನ ಮೇಲೆ ಪುಟ್ಟ ಕ್ಯಾಮೆರಾ ಇರುವ ಕನ್ನಡಕ ಏರಿಸಿ, ಅವರ ಕಣ್ಣು ಎಲ್ಲೆಲ್ಲಿ ಅಲೆಯುತ್ತದೆ ಎಂದು ನೋಡುವುದು ಅವನ ಕಸುಬು. ರಸ್ತೆ ಬಿಟ್ಟ ಕಣ್ಣು ಎರಡು ಸೆಕೆಂಡಿನೊಳಗೆ ರಸ್ತೆಗೆ ಮರಳಬೇಕು. ಮರಳದಿದ್ದರೆ ಅವನ ಲೆಕ್ಕದಲ್ಲಿ ಆ ಪರದೆ ಫೇಲ್.

“ನಿಮ್ಮ ಬಳ್ಳಿ ತುಂಬಾ ಚೆನ್ನಾಗಿದೆ. ತೊಂದರೆ ಅದೇ,” ಎಂದಿದ್ದ ಅವನು. “ಜನ ಅದನ್ನೇ ನೋಡ್ತಾ ಕೂತುಬಿಡ್ತಾರೆ. ಎಲೆ ಬಾಡುತ್ತೇನೋ ಅಂತ ಚಿಂತೆ ಮಾಡ್ತಾರೆ, ಎದುರಿಗೆ ಬರೋ ಗಾಡಿ ಕಾಣಲ್ಲ. ತೆಗೆದುಬಿಡೋದು ಒಳ್ಳೇದು.”

ಅವಳ ಮೈಯೆಲ್ಲ ಉರಿದುಹೋಯಿತು. “ನಿಮಗೆ ಚೆನ್ನಾಗಿರೋದನ್ನ ಕಂಡ್ರೆ ಆಗಲ್ವಾ?”

ಅವನು ಒಂದು ಗಳಿಗೆ ಅವಳನ್ನೇ ನೋಡಿದ. “ಆಗುತ್ತೆ,” ಎಂದ. “ಗಾಡಿ ನಿಂತಿದ್ದಾಗ.”

ಮೀಟಿಂಗಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಲಧಿಕಾರಿ ಮೇಡಂ ಮಾತ್ರ ನಗಲಿಲ್ಲ. “ಮುಂದಿನ ತಿಂಗಳು ಕೊನೇ ಪರೀಕ್ಷೆ. ಬಳ್ಳಿ ಪಾಸಾದರೆ ಕಾರಿಗೆ ಬರುತ್ತೆ. ಇಲ್ಲದಿದ್ದರೆ ಹಳೇ ಮುಳ್ಳಿನ ಮೀಟರೇ ಗತಿ,” ಎಂದು ಎದ್ದುಬಿಟ್ಟರು.

ಅವಳಿಗೆ ಆ ವಾರವಿಡೀ ಅನ್ನ ನೀರು ರುಚಿಸಲಿಲ್ಲ. ಕಾರಿಡಾರಿನಲ್ಲಿ ಅವನು ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಅವನು ಪ್ರತಿಸಲವೂ ನಿಂತು ದಾರಿ ಬಿಡುತ್ತಿದ್ದ. ಆ ಮರ್ಯಾದೆ ನೋಡಿ ಅವಳ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಭಾನುವಾರ ಅವಳು ಬಳ್ಳಿ ಹಾಕಿದ್ದ ಟ್ರಯಲ್ ಕಾರನ್ನು ಮನೆಗೆ ತಂದಳು. ಒಬ್ಬರಾದರೂ ತನ್ನ ಪರ ಮಾತಾಡುವವರು ಬೇಕಿತ್ತು, ಅದಕ್ಕೆ ಅಪ್ಪನಿಗಿಂತ ಬೇರೆ ಯಾರು? ಅಪ್ಪ ಮಗುವಿನ ಹಾಗೆ ಕುಣಿದರು. ಬೀದಿಯ ಕೊನೆ ಮುಟ್ಟುವುದರೊಳಗೆ ಅವರಿಗೆ ಬಳ್ಳಿಯ ಹುಚ್ಚು ಹಿಡಿದಿತ್ತು.

“ನೋಡೇ, ನೋಡೇ, ಇನ್ನೊಂದು ಎಲೆ ಬಂತು! ಒಂದೂ ಬಾಡೋಕೆ ಬಿಡಲ್ಲ ನಾನು!”

“ಅಪ್ಪಾ, ಮುಂದೆ!”

ಸೈಕಲ್ ಮೇಲೆ ಒಬ್ಬ ಹೆಂಗಸು ತಿರುವಿನಿಂದ ಬಂದಿದ್ದಳು. ಅಪ್ಪ ಬ್ರೇಕ್ ತುಳಿದರು. ಕಾರು ಕಿರ್ರೆನ್ನುತ್ತಾ ಸೈಕಲ್ಲಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ಹೆಂಗಸಿನ ಚೀಲದಿಂದ ಕಿತ್ತಳೆ ಹಣ್ಣುಗಳು ರಸ್ತೆ ತುಂಬ ಉರುಳಿದವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಪ್ಪ ಸ್ಟೀರಿಂಗಿನಿಂದ ಕೈ ತೆಗೆದು, “ಇನ್ನು ನೀನೇ ಓಡಿಸು,” ಎಂದುಬಿಟ್ಟರು.

ಅಷ್ಟರಲ್ಲಿ ಪರದೆಯಲ್ಲಿ ಕಿಣಿಕಿಣಿ ಸದ್ದಾಯಿತು. ಜೋರಾಗಿ ಬ್ರೇಕ್ ಹಾಕಿದ್ದರಿಂದ ಬ್ಯಾಟರಿಗೆ ಶಕ್ತಿ ಮರಳಿತ್ತಲ್ಲ, ಬಳ್ಳಿ ಸಂತೋಷದಿಂದ ಒಂದು ದೊಡ್ಡ ಹೂವು ಬಿಟ್ಟಿತ್ತು.

ಒಬ್ಬಳ ಜೀವ ಹೋಗುವುದರಲ್ಲಿತ್ತು, ತನ್ನ ಬಳ್ಳಿ ಶಭಾಶ್ ಎನ್ನುತ್ತಿದೆ. ಅವಳು ಕಿತ್ತಳೆ ಆರಿಸಿಕೊಡಲು ಕೆಳಗಿಳಿದಾಗ ಕಣ್ಣು ಮಂಜಾಗಿತ್ತು. ಆ ಹೂವಿನ ಚಿತ್ರ ಬರೆದ ತನ್ನ ಕೈಯ ಮೇಲೆಯೇ ಅವಳಿಗೆ ನಾಚಿಕೆಯಾಯಿತು.

ಸೋಮವಾರ ನೆಟ್ಟಗೆ ಅವನ ಪರೀಕ್ಷಾ ಕೋಣೆಗೆ ಹೋದಳು. ಅರ್ಧಕ್ಕೆ ಕತ್ತರಿಸಿದ ಕಾರೊಂದು ಅಲ್ಲಿತ್ತು, ಅದರ ಮುಂದೆ ಗೋಡೆಯಗಲ ಪರದೆಯಲ್ಲಿ ನಡುವೆ ನಿಲ್ಲಿಸಿದ ರಸ್ತೆಯ ವಿಡಿಯೋ. ಅವನು ಡ್ರೈವರ್ ಸೀಟಿನಲ್ಲಿ ಕೂತು ಸೇಬು ತಿನ್ನುತ್ತಿದ್ದ. ಅವಳನ್ನು ಕಂಡು ಗಡಿಬಿಡಿಯಲ್ಲಿ ಎದ್ದವನ ತಲೆ ಕಾರಿನ ಚಾವಣಿಗೆ ಬಡಿಯಿತು.

“ನೀವು ಹೇಳಿದ್ದೇ ಸರಿ,” ಎಂದು ಅವಳು ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದಳು. ಇನ್ನು ಇವನು ಬೀಗುತ್ತಾನೆ ಎಂದು ಹಲ್ಲು ಕಚ್ಚಿ ನಿಂತಳು.

“ಅಪ್ಪ ಹೇಗಿದ್ದಾರೆ ಈಗ?” ಎಂದ ಅವನು. “ಹೆದರಿಕೊಂಡವರಿಗೆ ಆಮೇಲೆ ಗಾಡಿ ಮುಟ್ಟೋಕೇ ಭಯ ಆಗುತ್ತೆ. ಇವತ್ತೇ ಒಂದು ಸುತ್ತು ಓಡಿಸೋಕೆ ಹೇಳಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ.”

ಅವಳು ಕಟ್ಟಿಕೊಂಡು ಬಂದಿದ್ದ ಕೋಟೆ ಅಲ್ಲೇ ಕುಸಿಯಿತು. ತಲೆ ಸವರಿಕೊಳ್ಳುತ್ತ ನಿಂತವನನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು. ಹುಬ್ಬಿನ ಮೇಲೊಂದು ಮಚ್ಚೆಯಿತ್ತು. ಇಷ್ಟು ದಿನ ಗೋಡೆ ನೋಡಿಕೊಂಡು ಹೋದದ್ದಕ್ಕೆ ಒಳಗೊಳಗೇ ತನ್ನನ್ನು ಬೈದುಕೊಂಡಳು.

“ಬಳ್ಳಿ ಕಿತ್ತು ಹಾಕ್ತೀನಿ,” ಎಂದಳು.

“ಬೇಡ,” ಎಂದ ಅವನು ತಟ್ಟನೆ. ಅವನ ಕಿವಿ ಕೆಂಪಾಯಿತು. “ಕೀಳಬೇಡಿ. ಅದು ಇರಬೇಕಾದ ಜಾಗ ಬೇರೆ, ಅಷ್ಟೇ. ಹುಡುಕೋಣ.”

ಹುಡುಕುವುದು ಎಂದರೆ ದಿನಾ ಮಧ್ಯಾಹ್ನ ಆ ಅರ್ಧ ಕಾರಿನಲ್ಲಿ ಅಕ್ಕಪಕ್ಕ ಕೂರುವುದು.

“ಕಣ್ಣಂಚಿಗೆ ಅಕ್ಷರ ಓದೋಕೆ ಬರಲ್ಲ, ಆದರೆ ಬೆಳಕು ಗೊತ್ತಾಗುತ್ತೆ,” ಎಂದು ವಿವರಿಸಿದ ಒಂದು ದಿನ. “ನೇರ ನೋಡದೇನೂ ಪಕ್ಕದಲ್ಲಿ ಏನಿದೆ ಅಂತ ತಿಳಿಯುತ್ತೆ.”

“ಹೌದಾ? ಹಾಗಾದ್ರೆ ನೇರ ನೋಡದೇ ಹೇಳಿ, ನನ್ನ ಕುರ್ತಾದ ಬಣ್ಣ ಯಾವುದು?”

“ನೀಲಿ.” ಅವನ ಕಣ್ಣು ಪರದೆಯ ರಸ್ತೆಯ ಮೇಲೇ ಇತ್ತು. “ನಿನ್ನೆ ಹಳದಿ. ಮೊನ್ನೆ ಬೂದು, ಎಡತೋಳಿಗೆ ಮಸಿ ಮೆತ್ತಿಕೊಂಡಿತ್ತು.”

“ಅದೂ ಕಣ್ಣಂಚೇನಾ?”

“ಅದು...” ಅವನು ಕೆಮ್ಮಿದ. “ಅದು ಪರೀಕ್ಷೆಯ ಅಭ್ಯಾಸ.”

ಅವಳು ತುಟಿ ಕಚ್ಚಿ ನಗು ನುಂಗಿಕೊಂಡಳು.

ಕೊನೆಗೆ ಉಪಾಯ ಹೊಳೆದದ್ದು ಅವಳಿಗೇ. ‘ಗಾಡಿ ನಿಂತಿದ್ದಾಗ’ ಎಂದು ಅವನು ಅಂದದ್ದು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕಾರು ಓಡುವಾಗ ಬಳ್ಳಿ ಬೇಡವೇ ಬೇಡ. ಗಾಜಿನ ಬುಡದಲ್ಲಿ ಒಂದು ತೆಳ್ಳನೆಯ ಬೆಳಕಿನ ಗೆರೆ ಸಾಕು, ಬ್ಯಾಟರಿಯಾದರೆ ಹಸಿರು, ಎಂಜಿನ್ ಆದರೆ ಹಳದಿ. ಕಾರು ಪೂರ್ತಿ ನಿಂತಮೇಲೆ, ಅಲ್ಲಿಯವರೆಗೆ ಬೆಳೆದ ಬಳ್ಳಿ ಒಮ್ಮೆಲೇ ಎಲೆ ಬಿಚ್ಚಬೇಕು. ಬ್ರೇಕಿಗೆ ಹೂವಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಅವನು ಸ್ಟೀರಿಂಗ್ ಬಡಿದು ಹಾರ್ನ್ ಮಾಡಿಬಿಟ್ಟಿದ್ದ. ಪಕ್ಕದ ಕೋಣೆಯವರು ಏನಾಯಿತೋ ಎಂದು ಓಡಿ ಬಂದರು.

ಕಾರು ಓಡಿಸಿ ನೋಡುವ ಕಂಪನಿಯ ಟ್ರ್ಯಾಕಿನಲ್ಲಿ ಕೊನೆಯ ಪರೀಕ್ಷೆ ನಡೆಯಿತು. ಒಬ್ಬೊಬ್ಬರೇ ಕನ್ನಡಕ ಹಾಕಿ ಓಡಿಸಿದರು. ಕೊನೆಗೆ ಬರಬೇಕಿದ್ದ ಚಾಲಕನಿಗೆ ಜ್ವರ ಬಂತೆಂದು ಅವನೇ ಕನ್ನಡಕ ಏರಿಸಿದ. ಅವಳು ಲ್ಯಾಪ್‌ಟಾಪ್ ಹಿಡಿದು ಎಲ್ಲರ ಜೊತೆ ಕೂತಂತೆ ಅವನ ಪಕ್ಕದಲ್ಲೂ ಕೂತಳು. ಖಾಲಿ ಟ್ರ್ಯಾಕು, ನಿಧಾನದ ಓಟ. ತಾನೇ ಓಡಿಸಿದ್ದನ್ನು ತಾನೇ ಲೆಕ್ಕ ಹಾಕಬಾರದು ಎಂಬುದು ಅವರಲ್ಲಿ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಲೆಕ್ಕವೆಲ್ಲ ಅವನ ಸಹೋದ್ಯೋಗಿಯ ಕೈಸೇರಿ, ಅಲ್ಲಿಂದ ನೇರ ಮೇಡಂ ಮೇಜಿಗೆ ಹೋಯಿತು.

ಮೀಟಿಂಗಿನಲ್ಲಿ ಮೇಡಂ ಕಾಗದದಿಂದ ತಲೆ ಎತ್ತಿದರು. “ಫೇಲ್.”

ಅವಳಿಗೆ ಕಾಲಡಿಯ ನೆಲವೇ ಸರಿದ ಹಾಗಾಯಿತು.

“ಎಲ್ಲರದೂ ಸರಿಯಾಗಿದೆ. ಕೊನೇ ಚಾಲಕ ಮಾತ್ರ ಕೆಡಿಸಿದ್ದಾನೆ. ಕಣ್ಣು ಪದೇ ಪದೇ ರಸ್ತೆ ಬಿಟ್ಟಿದೆ, ಎಷ್ಟೋ ಹೊತ್ತು ಮರಳಿಲ್ಲ. ನಿಯಮದ ಪ್ರಕಾರ ಒಬ್ಬರು ಎಡವಿದರೂ ಪರದೆ ಫೇಲ್. ನನಗೂ ಬೇಜಾರೇ. ಆದರೆ ಬಳ್ಳಿ ಕೈಬಿಡೋಣ.”

ಅವಳು ಅವನತ್ತ ನೋಡಿದಳು. ಅವನ ಮುಖ ಬಿಳಿಚಿಕೊಂಡು, ಕೆಂಪಾಗಿ, ಮತ್ತೆ ಬಿಳಿಚಿಕೊಂಡಿತು. ಆಮೇಲೆ ಅವನು ಎದ್ದು ನಿಂತ.

“ಮೇಡಂ, ಕೊನೇ ಚಾಲಕ ನಾನು. ನಮ್ಮ ಸಾಫ್ಟ್‌ವೇರಿಗೆ ಗೊತ್ತಿರೋದು ಎರಡೇ. ಕಣ್ಣು ರಸ್ತೆ ಮೇಲಿದೆ ಅಥವಾ ಇಲ್ಲ. ಇಲ್ಲ ಅಂದ್ರೆ ಪರದೆಯ ತಪ್ಪು ಅಂತ ಬರ್ಕೊಳ್ಳುತ್ತೆ. ಆದರೆ ನಾನು ಪರದೆ ನೋಡ್ತಿರಲಿಲ್ಲ.”

“ಮತ್ತೇನು ನೋಡ್ತಿದ್ರಿ?”

“ಪಕ್ಕದ ಸೀಟು.”

“ಪಕ್ಕದ ಸೀಟಿನಲ್ಲಿ ಏನಿತ್ತು?”

ಅವನು ಕನ್ನಡಕದ ಕ್ಯಾಮೆರಾ ಹಿಡಿದಿದ್ದ ವಿಡಿಯೋ ಹಾಕಿಬಿಟ್ಟ.

ಗೋಡೆಯ ಮೇಲೆ ಟ್ರ್ಯಾಕು ಮೂಡಿತು. ಅವನ ನೋಟ ಹೋದಲ್ಲೆಲ್ಲ ಒಂದು ಕೆಂಪು ಚುಕ್ಕಿ ಹೋಗುತ್ತಿತ್ತು. ರಸ್ತೆಯ ಮೇಲೆ ಒಂದಿಷ್ಟು ದೂರ ಸುಮ್ಮನೆ ಸಾಗಿದ ಚುಕ್ಕಿ ಕಳ್ಳಬೆಕ್ಕಿನಂತೆ ಪಕ್ಕಕ್ಕೆ ಸರಿಯಿತು. ಲ್ಯಾಪ್‌ಟಾಪ್ ಮೇಲೆ ಓಡುತ್ತಿದ್ದ ಬೆರಳುಗಳು. ಮತ್ತೆ ರಸ್ತೆ. ಹಣೆಗೆ ಬಿದ್ದ ಮುಂಗುರುಳು. ರಸ್ತೆ. ಕಿವಿಯ ಓಲೆ. ಓಲೆಯಿಂದ ಕೆನ್ನೆ. ಆಗ ವಿಡಿಯೋದಲ್ಲಿದ್ದ ಅವಳು ಯಾವುದಕ್ಕೋ ನಕ್ಕಳು. ಚುಕ್ಕಿ ಆ ನಗುವಿನ ಮೇಲೆ ಕೂತು ಏಳಲೇ ಇಲ್ಲ. ಎರಡು ಸೆಕೆಂಡ್ ಹೋಯಿತು, ಮೂರು ಹೋಯಿತು, ಅದಕ್ಕೆ ಏಳುವ ಮನಸ್ಸೇ ಇರಲಿಲ್ಲ. ಪರದೆಯ ಕಡೆಗಂತೂ ಚುಕ್ಕಿ ತಲೆ ಹಾಕಿಯೂ ನೋಡಲಿಲ್ಲ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು.

“ತಪ್ಪು ನನ್ನದು,” ಎಂದ ಅವನು. “ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿ ನಾನೇ ಕಣ್ಣು ತಪ್ಪಿಸಿದೆ. ಏನು ಶಿಕ್ಷೆ ಬೇಕಾದರೂ ಕೊಡಿ. ಆದರೆ ಅವರ ಬಳ್ಳಿಗೆ ಕೊಡಬೇಡಿ. ಅದು ಒಂದು ಸಲಾನೂ ನನ್ನ ಕಣ್ಣನ್ನ ಸೆಳೆಯಲಿಲ್ಲ.”

ಅವಳಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಎಲ್ಲರೆದುರು ಹೀಗಾ! ಆದರೆ ನಾಚಿಕೆಯ ಕೆಳಗೆ ಇನ್ನೇನೋ ಉಕ್ಕಿ ಬರುತ್ತಿತ್ತು. ಗುಟ್ಟಾಗಿ ಹೇಳಲೂ ಹೆದರುತ್ತಿದ್ದವನು ತನ್ನ ಬಳ್ಳಿ ಉಳಿಯಲೆಂದು ಮಾನ ಮರ್ಯಾದೆಯನ್ನೆಲ್ಲ ಗೋಡೆಯ ಮೇಲೆ ಹಾಕಿ ತೋರಿಸಿದ್ದ. ಅವಳಿಗೆ ಅವನ ಮೇಲೆ ಪ್ರೀತಿ ಬಂದಿತ್ತು. ಬಂದು ಬಹಳ ದಿನವಾಗಿತ್ತು, ಅವಳು ಒಪ್ಪಿಕೊಂಡದ್ದು ಈಗ.

ಮೇಡಂ ಕಾಗದ ಮಡಚಿಟ್ಟರು. “ಆ ಕನ್ನಡಕ ಇಲ್ಲಿ ಕೊಡಿ. ಈ ಮಹಾಶಯರ ಲೆಕ್ಕ ತೆಗೆದುಹಾಕಿ, ಅವರ ಜಾಗದಲ್ಲಿ ನಾನು ಓಡಿಸ್ತೀನಿ.” ಬಾಗಿಲ ಬಳಿ ತಿರುಗಿ ಅವಳಿಗೆ ಹೇಳಿದರು: “ನೀನೂ ಬಾಮ್ಮ, ಪಕ್ಕದಲ್ಲೇ ಕೂತ್ಕೋ. ಹೆದರಬೇಡ, ನಾನು ನಿನ್ನ ನೋಡಲ್ಲ.”

ಸುತ್ತು ಮುಗಿಯಿತು. ಕಾರು ನಿಂತಿತು. ಪರದೆಯಲ್ಲಿ ಬಳ್ಳಿ ಸರಸರನೆ ಹಬ್ಬಿ ಎಲೆ ಬಿಚ್ಚಿತು. ಮೇಡಂ ಕನ್ನಡಕ ತೆಗೆದು ಅದನ್ನೇ ನೋಡುತ್ತ ಕೂತರು.

“ಅರೆ, ಓಡಿಸುವಾಗ ಇದು ಇದೆ ಅಂತಾನೇ ಮರೆತಿದ್ದೆ,” ಎಂದರು ಕೊನೆಗೆ. ಸಹೋದ್ಯೋಗಿ ಲೆಕ್ಕ ನೋಡಿ ಹೆಬ್ಬೆರಳು ಎತ್ತಿದ. ಮೇಡಂ ಕಾರಿನ ಗಾಜು ಇಳಿಸಿ ಇಡೀ ಟ್ರ್ಯಾಕಿಗೆ ಕೇಳುವಂತೆ ಸಾರಿದರು: “ಬಳ್ಳಿ ಪಾಸ್! ಚಾಲಕ ಫೇಲ್!”

ಚಪ್ಪಾಳೆ, ಕೂಗು, ಶಿಳ್ಳೆ. ಅವಳು ಕಾರಿನಿಂದ ಇಳಿದು ನಿಂತಲ್ಲೇ ಎರಡು ಸಲ ಕುಪ್ಪಳಿಸಿದಳು. ಗುಂಪಿನ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಫೇಲಾದ ಚಾಲಕನೇ.

ಸಂಜೆ ಅವಳು ಟ್ರಯಲ್ ಕಾರಿನ ಬೀಗದ ಕೈ ಹಿಡಿದು ಅವನ ಮುಂದೆ ನಿಂತಳು. “ಬನ್ನಿ, ಮನೆಗೆ ಬಿಡ್ತೀನಿ. ಪಕ್ಕದ ಸೀಟಿನಲ್ಲಿ ಕೂತ್ಕೊಳ್ಳಿ. ನಿಮಗೆ ಇನ್ನು ಅದೇ ಜಾಗ.”

ಕಾರು ಮುಖ್ಯರಸ್ತೆಗೆ ಬಂತು. ಗಾಜಿನ ಬುಡದಲ್ಲಿ ಹಸಿರು ಗೆರೆ ಮೆಲ್ಲಗೆ ಬೆಳಗುತ್ತಿತ್ತು.

“ಬೆಳಿಗ್ಗೆ ನಾನು ಎಲ್ಲರ ಮುಂದೆ... ನಿಮಗೆ ಬೇಜಾರಾಯ್ತಾ?” ಎಂದ ಅವನು. “ನಾನು ಕೇಳಬೇಕಾದ್ದು ಇನ್ನೊಂದಿದೆ. ನನಗೆ ನೀವು ಅಂದ್ರೆ ತುಂಬಾ ಇಷ್ಟ. ನಿಮಗೆ?”

ಅವಳ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. “ಮುಖ್ಯವಾದ ವಿಷಯ ಗಾಡಿ ಓಡುವಾಗ ತೋರಿಸಬಾರದು, ನಿಂತಮೇಲೇ ತೋರಿಸಬೇಕು. ಯಾರೋ ಎಂಜಿನಿಯರ್ ಹೇಳಿದ್ದು.”

“ಹಾಗಾದ್ರೆ... ಮುಂದಿನ ಸಿಗ್ನಲ್ಲಿನಲ್ಲಿ?”

“ಕೆಂಪು ಇದ್ದರೆ.”

ಮುಂದಿನ ಸಿಗ್ನಲ್ ಹಸಿರು. ಅದರ ಮುಂದಿನದೂ ಹಸಿರು. ಜೀವಮಾನವಿಡೀ ಟ್ರಾಫಿಕ್ಕಿಗೆ ಶಾಪ ಹಾಕಿದವನು ಈಗ ಸೀಟಿನ ತುದಿಗೆ ಬಂದು ಕೆಂಪಾಗಲಿ, ಕೆಂಪಾಗಲಿ ಎಂದು ಬೇಡಿಕೊಳ್ಳುತ್ತಿದ್ದ. ಮೂರನೆಯದೂ ಹಸಿರಾಗಿದ್ದಾಗ ಅವನು ತಲೆ ಹಿಡಿದುಕೊಂಡ. ಅದೆಲ್ಲ ಅವಳ ಕಣ್ಣಂಚಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಕೊನೆಗೂ ಒಂದು ಕೆಂಪು ದೀಪ ಕರುಣೆ ತೋರಿತು. ಅವಳು ಹಗುರಾಗಿ ಬ್ರೇಕ್ ಒತ್ತಿದಳು. ಕಾರು ಪೂರ್ತಿ ನಿಂತಿತು. ಪರದೆಯಲ್ಲಿ ಬಳ್ಳಿ ಹಬ್ಬಿ ಎಲೆ ಬಿಚ್ಚತೊಡಗಿತು. ಇಬ್ಬರೂ ಅತ್ತ ನೋಡಲಿಲ್ಲ.

ಅವಳು ಅವನ ಕಡೆ ತಿರುಗಿ ಕಣ್ಣಲ್ಲಿ ಕಣ್ಣಿಟ್ಟಳು. ಹುಬ್ಬಿನ ಮೇಲಿನ ಮಚ್ಚೆಯನ್ನು ತುದಿಬೆರಳಿನಿಂದ ಮುಟ್ಟಿದಳು.

“ನನಗೂ ನೀನು ಅಂದ್ರೆ ಪ್ರಾಣ ಕಣೋ, ಎರಡು ಸೆಕೆಂಡ್. ನೋಡು, ಈಗ ಎಷ್ಟು ಹೊತ್ತು ಬೇಕಾದರೂ ನೋಡು.”

ಅವನು ನೋಡಿದ. ಅವಳೂ ನೋಡಿದಳು. ದೀಪ ಹಸಿರಾದದ್ದು ಇಬ್ಬರಿಗೂ ಕಾಣಲಿಲ್ಲ, ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸುವ ತನಕ.