ಸಾಸರ್ ಮುಚ್ಚಿದ ಕಾಫಿ

"ನಮ್ಮ ಟೇಬಲ್ ಖಾಲಿ ಬಿಟ್ಟಿದೀಯ."

ಬೆನ್ನ ಹಿಂದಿನ ಆ ದನಿಗೆ ತೇಜಸ್ವಿನಿ ಗಕ್ಕನೆ ತಿರುಗಿದಳು. ಕಿಶೋರ್! ಯುಗಾದಿಯಿಂದ ಮುಖವನ್ನೇ ತೋರಿಸದವನು ಇವತ್ತು ಡೌನರ್ಸ್ ಗ್ರೋವ್ ಊರಿನಲ್ಲಿದ್ದ ಅವಳ ಚಿತ್ರ ಪ್ರದರ್ಶನಕ್ಕೆ ಬಂದು ನಿಂತಿದ್ದ.

ಹೆದ್ದಾರಿ ಬದಿಯ ಡೈನರ್ ಎಂಬ ಹಳೆಯ ಪುಟ್ಟ ಹೋಟೆಲುಗಳೆಂದರೆ ಅವಳಿಗೆ ಪ್ರಾಣ. ಬಾಗಿಲು ಮುಚ್ಚಿಹೋಗುವ ಮೊದಲೇ ಒಂದೊಂದನ್ನೂ ಕ್ಯಾನ್ವಾಸಿಗೆ ಇಳಿಸುತ್ತಿದ್ದಳು. ಎದುರಿಗಿದ್ದ ಚಿತ್ರದಲ್ಲಿ ಕಲಾಮಝೂ ಬಳಿಯ ಡೈನರ್: ಖಾಲಿ ಕೆಂಪು ಸೀಟು, ಸ್ಟೀಲಿನ ಅಂಚಿನ ಟೇಬಲ್ ಮೇಲೊಂದು ಕಾಫಿ ಕಪ್, ಕಿಟಕಿಯಾಚೆ ನಿಯಾನ್ ಬೋರ್ಡು. ಆನ್ ಆರ್ಬರ್‌ನ ಆಸ್ಪತ್ರೆಯಿಂದ ಅವನು, ವುಡ್‌ರಿಡ್ಜ್‌ನ ಮನೆಯಿಂದ ಅವಳು, ಅರ್ಧರ್ಧ ದಾರಿ ಡ್ರೈವ್ ಮಾಡಿ ಸೇರುತ್ತಿದ್ದ ಜಾಗ.

ಯುಗಾದಿಯ ದಿನ ಡಾಕ್ಟರ್ ಸಾಹೇಬರು ಬರಲೇ ಇಲ್ಲ. ತುರ್ತು ರೋಗಿ ಬಂದಿದ್ದರೆಂದು ಮರುದಿನ ಮೆಸೇಜ್ ಬಂತು, ಇವಳು ಉತ್ತರಿಸಲಿಲ್ಲ. ನಮ್ಮ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ! ಅವನೂ ಮತ್ತೆ ಕೇಳಲಿಲ್ಲ.

"ಸೋಮವಾರ ಟೆಕ್ಸಸ್ ಕೆಲಸಕ್ಕೆ ಒಪ್ಪಿಗೆ ಹೇಳಬೇಕು," ಅಂದ ಕಿಶೋರ್. "ಬೇಡ ಅಂತೀಯೇನೋ ಅಂತ ಕೇಳೋಕೆ ಬಂದೆ. ಚಿತ್ರ ನೋಡಿದ್ಮೇಲೆ ಗೊತ್ತಾಯ್ತು, ಅಲ್ಲಿ ನನಗೆ ಜಾಗ ಇಲ್ಲ ಅಂತ."

ಹೋಗಬೇಡ ಅನ್ನೇ, ಪೆದ್ದಿ... ಮನಸ್ಸು ಅಂಗಲಾಚುತ್ತಿತ್ತು. ಅವಳು ಮಾತ್ರ ಚಿತ್ರದ ಚೌಕಟ್ಟು ನೇರ ಮಾಡುತ್ತಾ ನಿಂತಳು. ಅವನು ಜಾಕೆಟ್ಟಿನ ಜಿಪ್ ಎಳೆದುಕೊಂಡು ಬಾಗಿಲ ಕಡೆ ನಡೆದ.

ಅಷ್ಟರಲ್ಲಿ ಚಿತ್ರ ಕೊಳ್ಳಲು ಬಂದಿದ್ದ ಪ್ರಭಾವತಿ ಆಂಟಿ ಅವಳೆದುರು ಬಂದು ನಿಂತರು. ಈ ಚಿತ್ರ ಅವರ ಡೈನಿಂಗ್ ರೂಮಿಗೆ ಬೇಕಂತೆ. ಆದರೆ ಕಪ್ಪಿನ ಕೆಳಗಿರಬೇಕಾದ ಸಾಸರ್ ಮೇಲಿದೆಯಲ್ಲ, ಅದೊಂದನ್ನು ಸರಿಮಾಡಿ ಕೊಡಬೇಕಂತೆ.

ಯಾರು ಏನು ಕೇಳಿದರೂ ಹೂಂ ಎನ್ನುವ ತೇಜಸ್ವಿನಿ ಈ ಸಲ ಒಪ್ಪಲಿಲ್ಲ.

"ಅದು ತಪ್ಪಲ್ಲ ಆಂಟಿ. ಬರೋರು ಲೇಟು. ಕಾಫಿ ಆರಬಾರದು ಅಂತ ಮುಚ್ಚಿಟ್ಟಿದೀನಿ." ಬಾಗಿಲವರೆಗೂ ಕೇಳುವಂತೆ ದನಿ ಏರಿಸಿದಳು. "ಇನ್ನೂ ತೆಗೆದಿಲ್ಲ."

ಬಾಗಿಲ ಹಿಡಿಯ ಮೇಲಿದ್ದ ಕಿಶೋರನ ಕೈ ಅಲ್ಲೇ ನಿಂತಿತು. ಅವನು ತಡವಾಗಿ ಬಂದಾಗಲೆಲ್ಲ ಅವನ ಕಾಫಿ ಹೀಗೇ, ಮನೆಯಲ್ಲಿ ಅಮ್ಮಂದಿರು ಮುಚ್ಚಿಡುವಂತೆ, ಸಾಸರ್ ಹೊದ್ದು ಕಾಯುತ್ತಿತ್ತು. ಖಾಲಿ ಸೀಟನ್ನು ನೋಡಿದವನು ಕಪ್ಪನ್ನು ನೋಡಿರಲಿಲ್ಲ.

ಅವನು ತಿರುಗಿ ಬಂದ. ಆಂಟಿ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಪಕ್ಕದ ಚಿತ್ರವೇ ವಾಸಿ ಎಂದು ಗೊಣಗುತ್ತಾ ಜಾರಿಕೊಂಡರು.

"ತೇಜು, ಅವತ್ತು ಎಷ್ಟು ಹೊತ್ತು ಕಾದೆ?"

"ಡೈನರ್‌ನವರು ಬಾಗಿಲು ಹಾಕೋವರೆಗೂ. ಆಮೇಲೆ ಚಿತ್ರದಲ್ಲಿ ಕಾದೆ." ಅವಳ ಕಣ್ಣು ತುಂಬಿತ್ತು. "ಹೋಗ್ಬೇಡ ಕಿಶೋರ್. ನೀನು ಬೇಕು ನನಗೆ."

"ಹೋಗಲ್ಲ." ಬಣ್ಣದ ಕಲೆಯಿದ್ದ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದ. "ಕಾಫಿ ಆರಿಹೋಗಿದ್ರೆ?"

"ಆರಿದ್ರೂ ಕುಡೀಬೇಕು," ಅಂದಳು. "ಲೇಟಾಗಿ ಬಂದೋರಿಗೆ ಅದೇ."