ಸಂಜೆಯ ಸಭೆಗೆ ಉಳಿಸಿದ ಸ್ವರ

ಡಾಕ್ಟರರ ಸ್ವರ ಹೋದದ್ದು ಕಾರ್ಕಳದ ಭಾಷಣದಲ್ಲಿ. ನರ್ಮದಾಳ ಹೊಟ್ಟೆ ಉರಿದದ್ದು ಕಾಪುವಿನ ಕ್ಲಿನಿಕ್ಕಿನಲ್ಲಿ.

೧೯೮೩ರ ಚುನಾವಣೆ. ಐದು ವರ್ಷ ಶಾಸಕರಾಗಿದ್ದ ಡಾಕ್ಟರ್ ಕರುಣಾಕರ ಮತ್ತೆ ನಿಂತಿದ್ದರು. ರೋಗಿಗಳು, ರಾಜಕೀಯ ಎನ್ನುತ್ತ ಮದುವೆಯ ಗೊಡವೆಗೇ ಹೋಗದ ಮನುಷ್ಯ. ಸಂಜೆ ಕಾಪು ಪೇಟೆಯಲ್ಲಿ ಕೊನೆಯ ದೊಡ್ಡ ಸಭೆ. ಅಲ್ಲಿಯವರೆಗೆ ಒಂದಕ್ಷರ ಆಡಿದರೂ ಇರುವ ಚೂರು ಸ್ವರವೂ ಹೋದೀತು ಎಂದು ಗಂಟಲಿನ ತಜ್ಞರು ಗದರಿಸಿದ್ದರು. ಅದಕ್ಕೇ ಪಕ್ಕದಲ್ಲಿ ಸೋಫಿಯಾ ಕುಳಿತಿದ್ದಳು. ಮಣಿಪಾಲದಲ್ಲಿ ಲೆಕ್ಚರರ್, ಅವರ ಭಾಷಣ ಬರೆದುಕೊಡುವವಳು.

ಡಾಕ್ಟರರು ಹುಬ್ಬೇರಿಸಿದರೆ ಸಾಕು, "ಜ್ವರ ಯಾವಾಗಿನಿಂದ ಉಂಟು?" ಎಂದು ಸೋಫಿಯಾ ರೋಗಿಯನ್ನು ಕೇಳುತ್ತಿದ್ದಳು. ಕೈ ಆಡಿಸಿದರೆ, "ಮೀನು ಬೇಡವಂತೆ" ಎನ್ನುತ್ತಿದ್ದಳು. ಆಗ ಡಾಕ್ಟರರು ಅವಳತ್ತ ನೋಡಿ ನಗುತ್ತಿದ್ದರು.

ಔಷಧ ಕೊಡುವ ಕಿಟಕಿಯ ಹಿಂದೆ ನರ್ಮದಾ ಎಲ್ಲವನ್ನೂ ನೋಡುತ್ತಿದ್ದಳು. ಅವರು ಅಸೆಂಬ್ಲಿಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಈ ಕ್ಲಿನಿಕ್ಕನ್ನು ನೋಡಿಕೊಂಡವಳು ತಾನು. ಆ ಹುಬ್ಬು ಏನು ಹೇಳುತ್ತದೆಂದು ತನಗೆ ಗೊತ್ತಿಲ್ಲವೇ? ನಿನ್ನೆ ಮೊನ್ನೆ ಬಂದವಳು ಪಕ್ಕದ ಕುರ್ಚಿಯನ್ನೇ ಹಿಡಿದುಬಿಟ್ಟಳಲ್ಲ! ಮಿಕ್ಸ್ಚರಿನ ಬಾಟಲಿಗೆ ಬಿರಡೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ರೋಗಿಗಳು ಮುಗಿದರು. ಸೋಫಿಯಾ ಬಿಸಿನೀರು ತಂದು, "ಒಂದು ಗುಟುಕೂ ಬಿಡಬಾರದು" ಎಂದಳು. ಡಾಕ್ಟರರು ವಿಧೇಯರಾಗಿ ಕುಡಿದರು. ನರ್ಮದಾಳಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ನಾಳೆಯಿಂದ ನಾನು ಬರುವುದಿಲ್ಲ. ಅಂಬಲಪಾಡಿಯಿಂದ ಸಂಬಂಧ ಬಂದಿದೆ. ಹುಡುಗ ದುಬೈಯಲ್ಲಿ. ಈಗ ಮನೆಗೆ ಹೋಗಿ ಒಪ್ಪಿಗೆ ಹೇಳುವುದೊಂದೇ ಬಾಕಿ. ನಿಮಗೆ ಇಲ್ಲಿ ಜನ ಉಂಟಲ್ವಾ."

ಡಾಕ್ಟರರ ಕೈ ಮೇಲೆದ್ದಿತು.

"ಒಳ್ಳೆಯದಾಗಲಿ ಅಂತಿದ್ದಾರೆ" ಎಂದಳು ಸೋಫಿಯಾ.

ಅವರು ಜೋರಾಗಿ ತಲೆ ಅಲ್ಲಾಡಿಸಿದರು.

"ಸಂಬಳ ಹೆಚ್ಚು ಮಾಡ್ತಾರಂತೆ."

ನರ್ಮದಾ ಚೀಲವನ್ನು ಹೆಗಲಿಗೇರಿಸಿ ಬಾಗಿಲು ದಾಟಿದಳು.

"ಹೋಗಬೇಡಿ!"

ಒಡೆದ, ಗೊಗ್ಗರು ಸ್ವರ. ನರ್ಮದಾ ಅಲ್ಲೇ ನಿಂತಳು.

"ಡಾಕ್ಟ್ರೇ, ಎಂತ ಮಾಡ್ತಿದ್ದೀರಿ? ಸಂಜೆ ಸಭೆ ಉಂಟು!" ಸೋಫಿಯಾ ಗಾಬರಿಯಾದಳು.

"ಅಲ್ಲಿ ನೀವೇ ಮಾತಾಡಿ. ಇದನ್ನು ನಾನೇ ಹೇಳಬೇಕು." ಡಾಕ್ಟರರು ಎದ್ದು ಬಾಗಿಲ ಬಳಿ ಬಂದರು. ಪದ ಪದಕ್ಕೂ ಸ್ವರ ಕುಸಿಯುತ್ತಿತ್ತು. "ನರ್ಮದಾ, ಬೆಂಗಳೂರಿನಿಂದ ನಾನು ಓಡಿ ಬರುತ್ತಿದ್ದದ್ದು ರೋಗಿಗಳಿಗಾಗಿ ಮಾತ್ರ ಅಲ್ಲ. ನನ್ನನ್ನು..."

ಮುಂದಿನದು ಬರೀ ಉಸಿರು. ತುಟಿ ಆಡಿತು, ಸ್ವರ ಬರಲಿಲ್ಲ.

ಸೋಫಿಯಾ ಅಭ್ಯಾಸಬಲದಿಂದ ಬಾಯಿ ತೆರೆದಳು.

"ನೀವು ಎಂತದೂ ಹೇಳುವುದು ಬೇಡ ಮಾರಾಯ್ರೆ" ಎಂದಳು ನರ್ಮದಾ ಸೋಫಿಯಾಳಿಗೆ, ಕಣ್ಣೊರೆಸಿಕೊಳ್ಳುತ್ತ. "ನನಗೆ ಅರ್ಥವಾಯಿತು. ಮನೆಗೆ ಹೋಗಿ ಆ ಸಂಬಂಧ ಬೇಡ ಎಂದು ಹೇಳಿ ಬರುತ್ತೇನೆ. ಅಲ್ಲಿಯವರೆಗೆ ಇವರನ್ನು ನೋಡಿಕೊಳ್ಳಿ."

ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಅಲ್ಲಿಯವರೆಗೆ ಮಾತ್ರ."